ಉಗುರುಗೆರೆ

ಇಂದುಮತಿಗೆ ಒಂದು ಸಣ್ಣ ಚಿಂತೆ ಹತ್ತಿಕೊಂಡಿತ್ತು. ಯಾರಿಗೂ ಹೇಳುವಂಥದ್ದಲ್ಲ, ಹೇಳಿದರೆ ಕೇಳಿದವರು ನಗುವಂಥದ್ದು. ಅದಕ್ಕೇ ಡೈರಿಯಲ್ಲಿ ಬರೆದಳು: "ನಾನು ಗೆರೆ ಎಳೆಯಬೇಕೆಂದು ಪೆನ್ನು ಇಳಿಸುವ ಹೊತ್ತಿಗೆ ಅಲ್ಲಿ ಆಗಲೇ ಗೆರೆ ಬಿದ್ದಿರುತ್ತದೆ. ಸತ್ತವಳು ನನಗಿಂತ ಮೊದಲೇ ಓದಿ ಮುಗಿಸಿರುತ್ತಾಳೆ. ಹೀಗಾದರೆ ನನಗೆ ಉಳಿಯುವುದೇನು?" ಕೊನೆಯ ವಾಕ್ಯ ಅತಿಯಾಯಿತು ಅನ್ನಿಸಿ ಹೊಡೆದುಹಾಕಿದಳು. ಹೊಡೆದುಹಾಕಿದ ಮೇಲೂ ಅದನ್ನು ಸಲೀಸಾಗಿ ಓದಬಹುದಿತ್ತು. ಅವಳ ಕೈಯೇ ಹಾಗೆ. ಯಾವತ್ತೂ ಯಾವುದನ್ನೂ ಒತ್ತಿ ಬರೆದದ್ದಲ್ಲ, ಒತ್ತಿ ಹೊಡೆದದ್ದೂ ಅಲ್ಲ.

ಸತ್ತವಳೆಂದರೆ ನೀಲಾಂಬಿಕಾ ಹಂಚಿನಾಳ. ಧಾರವಾಡದ ಅಂಚಿನ ಗುಡ್ಡದ ಮೇಲಿನ ಮಣ್ಣು ಸಂಶೋಧನಾ ಕೇಂದ್ರದಲ್ಲಿ ಇಂದುಮತಿಗಿಂತ ಮೊದಲು ಇದ್ದವಳು. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಹೊತ್ತಿಗೆ ಮೆದುಳುಜ್ವರ ಬಂದು ಹೋಗಿಬಿಟ್ಟಳು. ಇಂದುಮತಿ ಅವಳನ್ನು ಕಣ್ಣಿಂದ ಕಂಡದ್ದಿಲ್ಲ. ಸಭಾಕೋಣೆಯ ಗೋಡೆಯ ಮೇಲಿನ ಫೋಟೋ ಕಂಡಿದ್ದಳು, ಅಷ್ಟೆ. ಮತ್ತೆ ಅವಳ ಗೆರೆಗಳನ್ನು.

ಓದುವವರಿಗಿಂತ ಬರೆಯುವವರೇ ಹೆಚ್ಚಾದ ಕಾಲ ಅದು. ಕಪ್ಪು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳ ಬಗ್ಗೆಯೇ ಬೆಳಗಾದರೆ ಬುಟ್ಟಿಗಟ್ಟಲೆ ಪ್ರಬಂಧಗಳು ಬಂದು ಬೀಳುತ್ತಿದ್ದವು. ಅವನ್ನೆಲ್ಲ ಓದುವುದು ಮನುಷ್ಯರಿಂದ ಆಗದ ಮಾತು. ಹಾಗಾಗಿ ಕೇಂದ್ರದವರೆಲ್ಲರ ಟ್ಯಾಬುಗಳಲ್ಲಿ 'ಅಂಚು' ಅನ್ನುವ ಆ್ಯಪ್ ಬಂತು. ಮೊದಮೊದಲು ಅದು ಎಲ್ಲ ಆ್ಯಪ್‌ಗಳ ಹಾಗೆಯೇ ಇತ್ತು: ಪಿಡಿಎಫ್ ತೆರೆ, ಬಣ್ಣದ ಗೆರೆ ಎಳೆ, ಪಕ್ಕದಲ್ಲಿ ಟಿಪ್ಪಣಿ ಬರೆ. ಆಮೇಲೆ ಬಂದ ಹೊಸ ಆವೃತ್ತಿ 'ಕೈ' ಕಲಿಯಿತು. ಒಬ್ಬೊಬ್ಬರು ವರ್ಷಗಟ್ಟಲೆ ಎಳೆದ ಗೆರೆಗಳನ್ನು ನೋಡಿ ನೋಡಿ, ಆ ಮನುಷ್ಯ ಮುಂದೆ ಯಾವ ವಾಕ್ಯಕ್ಕೆ ನಿಲ್ಲುತ್ತಾನೆ, ಯಾವುದನ್ನು ದಾಟಿ ಹೋಗುತ್ತಾನೆ ಎಂದು ತಿಳಿದುಕೊಂಡು, ಅವನು ಓದದ ಪ್ರಬಂಧಗಳನ್ನೂ ಅವನ ಪರವಾಗಿ ಓದಿ ಗೆರೆ ಹಾಕಿಡುತ್ತಿತ್ತು. ಅದು ಕಲಿಯುತ್ತಿದ್ದದ್ದು ಗೆರೆಯಿಂದ ಮಾತ್ರವಲ್ಲ. ಪೆನ್ನಿನ ಮೊನೆ ಗಾಜಿಗೆ ತಾಗುವ ಮೊದಲೇ, ಬೆರಳಗಲ ಮೇಲಿರುವಾಗಲೇ, ಪರದೆಗೆ ಅದರ ಸುಳಿವು ಸಿಗುತ್ತಿತ್ತು. ಎಲ್ಲಿ ತಡವರಿಸಿತು, ಎಲ್ಲಿ ಇಳಿಯಲು ಹೋಗಿ ಹಿಂದಕ್ಕೆ ಸರಿಯಿತು, ಎಷ್ಟು ಒತ್ತಿತು, ಎಲ್ಲವನ್ನೂ ಅದು ಎತ್ತಿಟ್ಟುಕೊಳ್ಳುತ್ತಿತ್ತು.

ಕೇಂದ್ರದಲ್ಲಿ ಬಣ್ಣಕ್ಕೊಂದು ಅರ್ಥವಿತ್ತು. ಇದು ಸಿದ್ಧವಾದ ಮಾತು, ನೆನಪಿಡು ಅನ್ನುವುದಕ್ಕೆ ಹಳದಿ. ಇದು ಹೌದೇ, ನನಗೆ ಅನುಮಾನ ಅನ್ನುವುದಕ್ಕೆ ಗುಲಾಬಿ. ಉಳಿದವರ ಕೈಗಳು ಹೆಚ್ಚಾಗಿ ಹಳದಿಯನ್ನೇ ಬಳಿಯುತ್ತಿದ್ದವು. ನೀಲಾಂಬಿಕಾಳ ಕೈ ಮಾತ್ರ ಗುಲಾಬಿ ಎಳೆಯುತ್ತಿತ್ತು. ಅದು ಗುಲಾಬಿ ಎಳೆದ ಕಡೆಯೆಲ್ಲ, ಹುಡುಕಿ ನೋಡಿದರೆ, ಪ್ರಬಂಧದವರು ಏನೋ ಒಂದು ಎಡವಟ್ಟು ಮಾಡಿಯೇ ಇರುತ್ತಿದ್ದರು.

ಶನಿವಾರ ಬೆಳಿಗ್ಗೆ ಕೇಂದ್ರದಲ್ಲಿ ಎಲ್ಲರೂ ಕೂತು ಓದುವ ಪದ್ಧತಿ. ಕಿಟಕಿಯ ಪರದೆ ಎಳೆದು, ಗೋಡೆಯ ಮೇಲೆ ಪ್ರಬಂಧ ತೆರೆದು, ಒಬ್ಬೊಬ್ಬರ ಕೈಯನ್ನೂ ಹಚ್ಚಿ ನೋಡುತ್ತಿದ್ದರು. ಮುಖ್ಯಸ್ಥರಾದ ಯಾದವಾಡ ಸರ್ ಮೊದಮೊದಲು ಎಲ್ಲರದನ್ನೂ ನೋಡುತ್ತಿದ್ದವರು, ಈಚೆಗೆ ಉಳಿದವರದನ್ನು ಬಂದ್ ಮಾಡಿ, ಕನ್ನಡಕ ಹಣೆಗೇರಿಸಿ, "ನೀಲಾ ಏನಂತಾಳ ನೋಡೂಣು" ಅನ್ನುತ್ತಿದ್ದರು. ಆಗ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟುವುದೂ ನಿಲ್ಲುತ್ತಿತ್ತು. ಗೋಡೆಯ ಮೇಲೆ ಒಂದು ಸಣ್ಣ ಚುಕ್ಕೆ ಮೂಡುತ್ತಿತ್ತು. ಆ ಕೈ ಈಗ ಎಲ್ಲಿ ಓದುತ್ತಿದೆ ಎಂದು ತೋರಿಸುವ ಚುಕ್ಕೆ. ಅದು ಸಾಲಿನ ಮೇಲೆ ಸರಿಯುತ್ತ ಸರಿಯುತ್ತ, ಒಂದು ಕಡೆ ನಿಂತು, ಹಿಂದೆ ಬಂದು, ಮತ್ತೆ ನಿಂತು, ಇದ್ದೂ ಇಲ್ಲದಂಥ ಒಂದು ಗುಲಾಬಿ ಗೆರೆಯನ್ನು ಎಳೆಯುತ್ತಿತ್ತು. ವಾಕ್ಯದ ಮೊದಲ ಪದವನ್ನು ಬಿಟ್ಟು ಎರಡನೆಯ ಪದದಿಂದ.

"ಎಷ್ಟ್ ದೂರದಿಂದ ಎಳದಂಗ ಐತಿ ನೋಡ್ರಿ," ಅನ್ನುತ್ತಿದ್ದರು ಸರ್, ದನಿ ತಗ್ಗಿಸಿ.

ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಬಸಲಿಂಗವ್ವ ಕೂತಿರುತ್ತಿದ್ದರು. ನೀಲಾಂಬಿಕಾಳ ತಾಯಿ. ನವಲಗುಂದದ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮಗಳ ಕೈ ಇನ್ನೂ ಓದುತ್ತಿದೆ ಎಂದು ಯಾರೋ ಹೇಳಿದಂದಿನಿಂದ ಶನಿವಾರ ತಪ್ಪಿಸಿದವರಲ್ಲ. ಬೆಳಗಿನ ಬಸ್ಸಿಗೆ ಬಂದು, ಎಲ್ಲರಿಗೂ ಒಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದು, ಓದು ಮುಗಿದ ಮೇಲೆ ಗೋಡೆಯ ಹತ್ತಿರ ಹೋಗಿ ಆ ಗೆರೆಯ ಮೇಲೆ ಬೆರಳಾಡಿಸಿ ಹೊರಡುತ್ತಿದ್ದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ. ಬಣ್ಣ ಮಾತ್ರ ತಿಳಿದುಕೊಂಡಿದ್ದರು.

"ಗುಲಾಬಿ ಅಂದ್ರ ಆಕಿ ಪ್ರಶ್ನಿ ಕೇಳಾಕತ್ತಾಳಂತ, ಹೌದಲ್ರಿ?"

"ಹೌದ್ರಿ ಅವ್ವಾರ. ಆಕಿ ಕೇಳಿದ್ಲಂದ್ರ ಬರದಾವ ಸಿಕ್ಕಬಿದ್ದಂಗ," ಅಂದ ಇಮ್ತಿಯಾಜ್. ಇಮ್ತಿಯಾಜ್ ನದಾಫ ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅಷ್ಟು ಹೇಳಿ ಎರಡನೆಯ ಹೋಳಿಗೆಗೆ ಕೈ ಹಾಕಿದ.

"ಸಣ್ಣಾಕಿದ್ದಾಗ ಎಷ್ಟ್ ಒತ್ತಿ ಬರೀತಿದ್ಲು ಅಂತೀರಿ. ಪಾಟಿ ಮ್ಯಾಲೆ ಬಳಪ ಕಿರ್ರ್ ಅಂತಿತ್ತು, ನನ್ನ ಹಲ್ಲು ಜುಮ್ ಅಂತಿದ್ದವು." ಬಸಲಿಂಗವ್ವ ಗೋಡೆಯತ್ತ ನೋಡಿದರು. "ಈಗ ತ್ರಾಣ ಸಾಲವಲ್ದು ಆಕಿಗೆ. ಅಷ್ಟ್ ದೂರದಿಂದ ಎಳೀಬೇಕಂದ್ರ…"

ಇಮ್ತಿಯಾಜ್ ಅಗಿಯುವುದನ್ನು ನಿಲ್ಲಿಸಿದ. ಇಂದುಮತಿ ತನ್ನ ಪಾಲಿನ ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ಅದನ್ನು ಅಲ್ಲಿ ತಿನ್ನುವುದು ಅವಳಿಂದಾಗುತ್ತಿರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ, ಗೋಡೆಗೆ ಪ್ರಬಂಧ ತೋರಿಸುವ ಟ್ಯಾಬನ್ನು ಚಾರ್ಜಿಗೆ ಹಚ್ಚುವುದು ಅವಳ ಕೆಲಸ. ನೀಲಾಂಬಿಕಾಳ ಹಳೆಯ ಟ್ಯಾಬೇ ಅದು, ಈಗ ಅವಳ ಪಾಲಿನದು. ಕೋಣೆಯ ದೀಪ ಆರಿಸಿ ಬಾಗಿಲು ಹಾಕುವಾಗ ತಿರುಗಿ ನೋಡಿದರೆ, ಮೇಜಿನ ಮೇಲೆ ಅದರ ಗಾಜು ತಂತಾನೇ ಬೆಳಗಿರುತ್ತಿತ್ತು. ಯಾವುದೋ ದೇಶದ ಯಾವುದೋ ಪ್ರಬಂಧದ ಮೇಲೆ ಚುಕ್ಕೆ ಮೆಲ್ಲಗೆ ಸರಿಯುತ್ತಿರುತ್ತಿತ್ತು. ನಿಲ್ಲುತ್ತಿತ್ತು. ಇಂದುಮತಿಯೂ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಚುಕ್ಕೆ ಎಲ್ಲಿ ತಡವರಿಸುತ್ತದೋ ಅಲ್ಲಿ ಅವಳ ಎದೆಯೂ ತಡವರಿಸುತ್ತಿತ್ತು. ತನ್ನ ಬೆನ್ನ ಹಿಂದೆ ನಿಂತು ಯಾರೋ ತನ್ನನ್ನೇ ಓದುತ್ತಿದ್ದಾರೆ ಅನ್ನಿಸಿ, ಬೀಗ ಹಾಕದೆಯೇ ಬಂದದ್ದೂ ಉಂಟು.

ಅವಳ ಹೆಸರಿನಲ್ಲೂ ಒಂದು ಕೈ ಇತ್ತು. ಶನಿವಾರದ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ, ಎಲ್ಲರದಕ್ಕಿಂತ ತಡವಾಗಿ ಸೇರಿದ್ದು. ಅದನ್ನು ಹಚ್ಚಿ ನೋಡೋಣ ಎಂದು ಯಾರೂ ಅಂದದ್ದಿಲ್ಲ. ಅವಳೂ ಅಂದದ್ದಿಲ್ಲ.

ಇಂದುಮತಿಯ ತಾಯಿ ಸರೋಜಾ ಧಾರವಾಡದ ಒಂದು ಓಣಿಯಲ್ಲಿ ಬಾಡಿಗೆ ವಾಚನಾಲಯ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಮುಂದಿನ ಕೋಣೆಯಲ್ಲಿ ಕಾದಂಬರಿ, ವಾರಪತ್ರಿಕೆ, ಮಕ್ಕಳ ಪುಸ್ತಕ; ಹಿಂದಿನ ಕೋಣೆಯಲ್ಲಿ ಒಲೆ, ಮಂಚ, ಸಂಸಾರ. ಓದುವವರು ಕಡಿಮೆಯಾದರೂ ಓಣಿಯ ನಾಲ್ಕಾರು ಮಂದಿ ಇನ್ನೂ ಬರುತ್ತಿದ್ದರು. ಪುಸ್ತಕ ವಾಪಸು ಬಂದಾಗ ಒಂದೊಂದು ಪುಟವನ್ನೂ ತಿರುವಿ, ಹರಿದಿದೆಯೇ, ಯಾರಾದರೂ ಗೀಚಿದ್ದಾರೆಯೇ ಎಂದು ನೋಡಿ, ಬಟ್ಟೆಯಿಂದ ಒರೆಸಿ ಇಡುವುದು ಅವಳ ರೂಢಿ. ಪುಸ್ತಕದಲ್ಲಿ ಗೆರೆ ಎಳೆದವರನ್ನು ಅವಳು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಟ್ಯಾಬನ್ನು ಮನೆಗೆ ತಂದಿದ್ದ ಒಂದು ಭಾನುವಾರ, ಸಂಜೆಯ ಬಿಸಿಲು ಬಾಗಿಲಿಂದ ಓರೆಯಾಗಿ ಒಳಗೆ ಬಿದ್ದಿತ್ತು. ಇಂದುಮತಿ ಗಲ್ಲಾಪೆಟ್ಟಿಗೆಯ ಮೇಜಿನ ಹಿಂದೆ ಕೂತು ಟ್ಯಾಬಿನಲ್ಲಿ ನೀಲಾಂಬಿಕಾಳ ಕೈ ಓದಿಟ್ಟ ಪ್ರಬಂಧವೊಂದನ್ನು ನೋಡುತ್ತಿದ್ದಳು. ಸರೋಜಾ ಚಹಾದ ಕಪ್ಪು ಇಡಲು ಬಂದವಳು ಬಗ್ಗಿ ನೋಡಿದಳು. ಓದಲು ಅಲ್ಲ, ಪುಸ್ತಕ ಒರೆಸುವವಳ ಕಣ್ಣು, ಅಷ್ಟೆ.

"ಏನ, ಟ್ಯಾಬಿನಾಗೂ ಉಗುರು ಹಚ್ಚಾಕ ಶುರು ಮಾಡೀಯೇನು?"

"ಏನಂದಿ?"

"ಉಗುರು. ಸಣ್ಣಾಕಿದ್ದಾಗ ನನ್ನ ಪುಸ್ತಕಕ್ಕೆಲ್ಲಾ ಹಚ್ಚತಿದ್ದೆಲ್ಲ."

ಇಂದುಮತಿಯ ಕಿವಿ ಬಿಸಿಯಾಯಿತು. ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದ ಸಂಗತಿ ಅದು. ಪೆನ್ಸಿಲ್ ಮುಟ್ಟಿದರೆ ಅವ್ವ ಬೈಯುತ್ತಾಳೆ. ಆದರೆ ಕೆಲವು ವಾಕ್ಯಗಳನ್ನು ಸುಮ್ಮನೆ ಬಿಟ್ಟು ಹೋಗಲು ಮನಸ್ಸಾಗುತ್ತಿರಲಿಲ್ಲ, ವಿಶೇಷವಾಗಿ ಇದು ಸುಳ್ಳು ಅನ್ನಿಸಿದ ವಾಕ್ಯಗಳನ್ನು. ಆಗ ಕಿರುಬೆರಳ ಉಗುರಿನಿಂದ ಕೆಳಗೊಂದು ಮಡಿಕೆ ಮೂಡಿಸುತ್ತಿದ್ದಳು. ಪುಸ್ತಕವನ್ನು ನೆಟ್ಟಗೆ ಹಿಡಿದರೆ ಏನೂ ಕಾಣದು. ಬೆಳಕಿಗೆ ಓರೆ ಹಿಡಿದರೆ ಮಾತ್ರ ಒಂದು ನೆರಳು.

"ನಿನಗ ಹೆಂಗ ಗೊತ್ತು?"

"ಒರಸಾಕಿ ನಾನ ಅಲ್ಲೇನು? ಬಿಸಲಿಗಿ ಹಿಡದು ನೋಡಿದ್ರ ಎಲ್ಲಾ ಕಾಣ್ತಿತ್ತು. ಮೊದಲನೇ ಪದ ಬಿಟ್ಟು ಎಳೀತಿದ್ದಿ, ಕಳ್ಳಿ. ಯಾರರೆ ನೋಡಿದ್ರ ಹಾಳಿ ಮುರದೈತಿ ಅನ್ಕೋಬೇಕು ಅಂತ." ಸರೋಜಾ ಪರದೆಯ ಮೇಲಿನ ತೆಳು ಗುಲಾಬಿಯನ್ನು ಬೆರಳಿಂದ ತೋರಿಸಿದಳು. "ಇಲ್ಲೂ ಹಂಗ ಬಿಟ್ಟೀಯಲ್ಲ."

"ಇದು ನಂದಲ್ಲವ್ವಾ. ನೀಲಕ್ಕಂದು."

"ಯಾಂವ ಹೇಳಿದ?"

ಇಂದುಮತಿ ಟ್ಯಾಬನ್ನು ಬಿಸಿಲಿಗೆ ಓರೆ ಹಿಡಿದು ನೋಡಿದಳು. ಆಮೇಲೆ ಕೇಳಿದಳು, "ಮತ್ತ ಅವಾಗ ಯಾಕ ಬೈಲಿಲ್ಲ ನನಗ?"

"ಬೈದಿದ್ರ ಉಗುರು ಹಚ್ಚೂದನ್ನೂ ಬಿಡ್ತಿದ್ದಿ. ಬಾಯಿ ಅಂತೂ ಮೊದಲ ಇರಲಿಲ್ಲ ನಿನಗ." ಸರೋಜಾ ಒಳಗೆ ಹೋದಳು. "ಚಾ ಆರತೈತಿ, ಕುಡಿ."

ಚಹಾ ಆರಿತು. ಇಂದುಮತಿಗೆ ಮರೆತೇಹೋಗಿದ್ದೊಂದು ನೆನಪಿಗೆ ಬಂದಿತ್ತು. ಅವಳು ಕೇಂದ್ರಕ್ಕೆ ಸೇರಿದಾಗ ಹೊಸ ಟ್ಯಾಬಿನ ಕಡತ ಎಲ್ಲೋ ಯಾರದೋ ಸಹಿಗೆ ಸಿಕ್ಕಿಕೊಂಡಿತ್ತು. ಯಾದವಾಡ ಸರ್ ಕಪಾಟಿನಿಂದ ನೀಲಾಂಬಿಕಾಳ ಟ್ಯಾಬು ತೆಗೆದು, ಧೂಳೊರೆಸಿ ಕೊಟ್ಟು, "ಸದ್ಯ ಆಕಿ ಹೆಸರಿನಾಗ ಓದವಾ, ನಿನ್ನ ಹೆಸರು ಆಮ್ಯಾಲೆ ಮಾಡಸೋಣು" ಅಂದಿದ್ದರು. ಆ ಆಮೇಲೆ ಬರಲು ವರ್ಷದ ಮೇಲಾಯಿತು. ಅಷ್ಟೂ ದಿನ ಅವಳು ಓದಿದ್ದೆಲ್ಲ ನೀಲಾಂಬಿಕಾ ಹಂಚಿನಾಳ ಎಂಬ ಹೆಸರಿನಲ್ಲಿ. ಆಗಿನ್ನೂ 'ಕೈ' ಬಂದಿರಲಿಲ್ಲ. ಬಂದಾಗ ಅದು ಆ ಹೆಸರಿನ ಕೆಳಗಿದ್ದ ಗೆರೆಗಳನ್ನೆಲ್ಲ ಒಟ್ಟಿಗೆ ಗುಡಿಸಿ ನುಂಗಿತು. ಬದುಕಿರುವವಳದನ್ನೂ, ಸತ್ತವಳದನ್ನೂ. ಯಾರಿಗೂ ಅದು ಹೊಳೆಯಲಿಲ್ಲ. ಅವಳಿಗಂತೂ ಹೊಳೆಯಲು ಸಾಧ್ಯವೇ ಇರಲಿಲ್ಲ. ತಾನು ಎಳೆದ ಗೆರೆಗೆ ಯಾವುದಾದರೂ ಯಂತ್ರ ಬೆಲೆ ಕೊಡುತ್ತದೆ ಎಂದು ಅವಳು ಅಂದುಕೊಂಡದ್ದೇ ಇಲ್ಲ.

ಸೋಮವಾರ ಇಮ್ತಿಯಾಜನ ಕೋಣೆಗೆ ಹೋದಳು. ತಣ್ಣನೆಯ ಗಾಳಿ ಗುಂಯ್ ಅನ್ನುವ, ಕಿಟಕಿಯಿಲ್ಲದ ಕೋಣೆ ಅದು. ಅವಳು ತಾನಾಗಿ ಅಲ್ಲಿಗೆ ಬಂದದ್ದು ಅದೇ ಮೊದಲು.

"ಏನ ಇಂದುಮತಿ ಬಾಯಾರ, ದಾರಿ ತಪ್ಪಿದ್ರೇನು?"

ಅವಳು ಮೇಜಿನ ಅಂಚನ್ನು ನೋಡುತ್ತ ಹೇಳಿದಳು. ಅರ್ಧ ಹೇಳುವಷ್ಟರಲ್ಲೇ ಇಮ್ತಿಯಾಜನ ನಗೆ ಹೋಯಿತು; ಅವನು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತ. ನೀಲಾಂಬಿಕಾ ಬದುಕಿದ್ದಾಗಿನ ಪಿಡಿಎಫ್‌ಗಳನ್ನು ತೆರೆದ. ಅವುಗಳ ಮೇಲೆಲ್ಲ ಹಳದಿ. ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೆಟ್ಟಗೆ, ಮೊದಲ ಅಕ್ಷರದಿಂದ ಪೂರ್ಣವಿರಾಮದವರೆಗೆ, ದಪ್ಪವಾಗಿ ಒತ್ತಿ ಎಳೆದ ಗೆರೆಗಳು. ಗುಲಾಬಿ ಎಲ್ಲೂ ಇಲ್ಲ.

"ಹೌದಲೇ," ಅಂದ ಅವನು, ತನಗೇ ಹೇಳಿಕೊಳ್ಳುವಂತೆ. ಪ್ರತಿ ಪ್ರಬಂಧದ ಕೊನೆಯ ಪುಟಕ್ಕೂ ಹೋದ. ಯಾರೂ ಓದದ, ಕೃತಜ್ಞತೆ ಹೇಳುವ ಆ ಸಣ್ಣ ಅಕ್ಷರದ ಭಾಗದಲ್ಲಿ, ಮಣ್ಣು ಅಗೆದುಕೊಟ್ಟವರು, ಜೀಪು ಓಡಿಸಿದವರು, ಹೊಲದಲ್ಲಿ ಜತೆಗಿದ್ದವರು ಇವರ ಹೆಸರಿನ ಕೆಳಗೆಲ್ಲ ನೀಲಾಂಬಿಕಾಳ ಹಳದಿ ಗೆರೆ. "ಇದು ಆಕೀದು. ಕೂಡ ಯಾರಿದ್ರು ಅನ್ನೂದು ಮೊದಲ ನೋಡ್ತಿದ್ಲು. ನನ್ನ ಹೆಸರಿಗೂ ಒಮ್ಮೆ ಎಳದಿದ್ಲು, ಸರ್ವರ್ ರಿಪೇರಿ ಮಾಡಿದ್ದಕ್ಕ." ಅವನ ದನಿ ಸ್ವಲ್ಪ ಬದಲಾಗಿತ್ತು.

"ಬ್ಯಾರೆ ಮಾಡಾಕ ಬರತೈತೇನು? ನಂದು, ಅವರದು?"

"ಚಾದಾಗ ಹಾಕಿದ ಸಕ್ಕರಿ ಬ್ಯಾರೆ ಮಾಡಾಕ ಬರತೈತೇನು?"

"ಹಂಗಾರ ನೀಲಕ್ಕ…"

"ಒಳಗ ಎಲ್ಲೋ ಇರತಾಳ. ನಿನ್ನ ಗೆರಿ ಮ್ಯಾಲೆ ಕುಂತಾವ. ಆಕೀದಾ ಆದಂಥಾ ಒಂದು ವಾಕ್ಯ ಸಿಕ್ಕರ ಬಂದರೂ ಬಂದಾಳು." ಅವನು ಅವಳತ್ತ ತಿರುಗಿದ. "ನೋಡು, ವರ್ಷಗಟ್ಟಲೆ ನಿನ್ನ ಬಾಯಿಂದ ಒಂದು ಮಾತು ಕೇಳಲಿಲ್ಲ ನಾವು. ಕೇಳಿದ್ದೆಲ್ಲಾ ಹಿಂಗ ಕೇಳಿದಂಗಾತು. ಸರ್‌ಗೆ ಹೇಳ್ತೀಯಿಲ್ಲೋ?"

"ಹೇಳಿದ್ರ ಆ ಕೈ ಮುಚ್ಚತಾರ."

"ಮುಚ್ಚತಾರ."

"ಅವ್ವಾರು ಬರೂದು ಬಿಡತಾರ."

ಇಮ್ತಿಯಾಜ್ ತೆರೆದ ಪಿಡಿಎಫ್‌ಗಳನ್ನು ಒಂದೊಂದಾಗಿ ಮುಚ್ಚಿದ.

ಅವಳು ಸರ್ ಕೋಣೆಯವರೆಗೆ ಹೋದಳು. ಬಾಗಿಲಲ್ಲಿ ನಿಂತದ್ದೇ, ಅವರೇ ಕರೆದು ಕೂರಿಸಿದರು. "ನಾನ ಹೇಳಿ ಕಳಸಬೇಕಂತ ಮಾಡಿದ್ದೆ ನೋಡವಾ. ಹೊಸಬರು ಒಬ್ಬರು ಬರಾಕತ್ತಾರ, ಅವರಿಗೆ ಒಂದು ಕೈ ಬೇಕು, ನಮಗ ಕೊಟ್ಟ ಕೈ ಎಲ್ಲಾ ಮುಗದಾವ. ನಿಂದೂ ನೀಲಾಂದೂ ಹೆಚ್ಚುಕಡಿಮಿ ಒಂದ ಥರಾ ಅದಾವ ಅಂತ ಅಂಚು ತೋರಸಾಕತ್ತೈತಿ. ಎರಡು ಯಾಕಂತ. ನಿಂದು ಮುಚ್ಚೂಣಲಾ? ಬ್ಯಾಸರ ಇಲ್ಲಲ್ಲ?"

ಇಂದುಮತಿ ಹೇಳಲೆಂದೇ ಬಾಯಿ ತೆರೆದಳು. ಬಂದದ್ದು ಬೇರೆ ಮಾತಾಗಿ ಹೊರಬಿತ್ತು.

"ಇಲ್ರಿ ಸರ್."

ಅಂದು ಡೈರಿಯಲ್ಲಿ ಬರೆದಳು: "ಇವತ್ತು ನನ್ನ ಕೈ ಮುಚ್ಚಿದರು. ಸತ್ತವಳ ಹೆಸರಿನಲ್ಲಿ ನಾನು ಬದುಕಿದ್ದೇನೆ, ನನ್ನ ಹೆಸರಿನಲ್ಲಿ ಇಲ್ಲ. ದೆವ್ವ ಯಾರು ಹಾಗಾದರೆ?"

ಆ ವಾರ ಬಸಲಿಂಗವ್ವ ಶನಿವಾರಕ್ಕೆ ಕಾಯದೆ ಬುಧವಾರವೇ ಬಂದರು. ಡಬ್ಬಿ ಇರಲಿಲ್ಲ. ಸರ್ ಕೋಣೆಯಿಂದ ಹೊರಬಂದು, ಬೇವಿನ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಇಂದುಮತಿಯನ್ನು ಕರೆಸಿದರು. ಸೆರಗಿನೊಳಗಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾಗದಗಳನ್ನು ತೆಗೆದರು.

"ದವಾಖಾನ್ಯಾಗ ಕೊಟ್ಟದ್ದು ಮಗಳ. ಆಕೀದು. ಇದನ್ನ ಆಕಿ ಕೈಲೆ ಓದಸಬೇಕು. ಸರ್ ಹೂಂ ಅಂದಾರ. ನಿನ್ನ ಹತ್ತರನ ಐತಂತಲ್ಲ ಟ್ಯಾಬು."

ಇಂದುಮತಿ ಕಾಗದಗಳನ್ನು ಮುಟ್ಟಲಿಲ್ಲ. "ಯಾಕ್ರಿ ಅವ್ವಾರ?"

"ಆಕಿ ತಲಿ ನೋವು ತಲಿ ನೋವು ಅಂದ್ಲು. ಓದಿ ಓದಿ ನಿನ್ನ ಕಣ್ಣು ಸೋತಾವ, ಮಲಗು ಅಂದೆ ನಾ. ಹಣಿಗೆ ಮುಲಾಮು ಹಚ್ಚಿದೆ, ಕಷಾಯ ಕಾಸಿಕೊಟ್ಟೆ." ಅವರು ತಮ್ಮ ಅಂಗೈ ನೋಡಿಕೊಂಡರು. "ಈ ಬೆರಳಿಗೆ ಇನ್ನೂ ಆ ಮುಲಾಮಿನ ವಾಸನಿ ಐತಿ. ಎಲ್ಲಾರೂ ನಿಮ್ಮ ತಪ್ಪಲ್ಲ ನಿಮ್ಮ ತಪ್ಪಲ್ಲ ಅಂತಾರ. ಅವರು ಯಾರು ಹೇಳಾಕ? ಆಕಿ ಹೇಳಲಿ. ಎಲ್ಲಿ ಗುಲಾಬಿ ಎಳೀತಾಳ ನೋಡೂಣು. ಏನ ಎಳದ್ರೂ ತಲಿಮ್ಯಾಲೆ ಹೊತಗೊಂಡು ಹೋಗತೀನಿ."

ಅವರ ಕಣ್ಣಲ್ಲಿ ನೀರಿರಲಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಗುವಿನ ಮುಖದಂತಿತ್ತು ಅವರ ಮುಖ. ಇಂದುಮತಿ ಕಾಗದಗಳನ್ನು ತೆಗೆದುಕೊಂಡಳು.

ಅವನ್ನು ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ, ನೀಲಾಂಬಿಕಾಳ ಹೆಸರು ಹಾಕಿ ಒಳಹೊಕ್ಕು ಅಲ್ಲಿ ಇಟ್ಟಳು. ಪುಟಗಳು ಸರಿಯಾಗಿ ಬಂದಿವೆಯೇ ಎಂದು ನೋಡಬೇಕಾದ್ದರಿಂದ ಓದಬೇಕಾಯಿತು. ಒಂದು ಪುಟದಲ್ಲಿ, ಊರಿನ ಡಾಕ್ಟರಿಗೆ ತೋರಿಸಿದ್ದರೆಂದೂ ಅವರೂ ಸಾದಾ ತಲೆನೋವೆಂದೇ ಗುಳಿಗೆ ಕೊಟ್ಟಿದ್ದರೆಂದೂ ಇತ್ತು. ಮೊದಲ ದಿನಗಳಲ್ಲಿ ಈ ಜ್ವರಕ್ಕೆ ಬೇರೆ ಯಾವ ಲಕ್ಷಣವೂ ಕಾಣುವುದಿಲ್ಲವೆಂದೂ ಇತ್ತು. ಆದರೆ ಕೊನೆಯ ಪುಟದಲ್ಲಿ, ಯಾರೋ ಅವಸರದಲ್ಲಿ ಬರೆದು ಮುಗಿಸಿದಂತೆ, ಒಂದು ವಾಕ್ಯ: ಆಸ್ಪತ್ರೆಗೆ ತಡವಾಗಿ ಕರೆತಂದದ್ದೇ ಸಾವಿಗೆ ಕಾರಣ.

ಅವಳ ಪೆನ್ನು ಆ ವಾಕ್ಯದ ಎರಡನೆಯ ಪದದ ಮೇಲೆ, ಗಾಳಿಯಲ್ಲಿ ನಿಂತಿತು. ಹಿಂದಿನ ಪುಟದವರು ತಿಳಿಯುವುದು ಸಾಧ್ಯವಿರಲಿಲ್ಲ ಅನ್ನುತ್ತಾರೆ. ಈ ಪುಟದವರು ತಿಳಿಯದ್ದೇ ತಪ್ಪು ಅನ್ನುತ್ತಾರೆ. ಎರಡೂ ಹೇಗೆ ಹೌದಾಗುತ್ತದೆ? ಪೆನ್ನು ಇಳಿಯಲಿಲ್ಲ, ಮುಟ್ಟಲಿಲ್ಲ. ತಟ್ಟನೆ ಹಿಂದಕ್ಕೆಳೆದುಕೊಂಡಳು. ಎಳೆದುಕೊಂಡ ಮೇಲೆ ನೆನಪಾಯಿತು, ಪರದೆಗೆ ಅಷ್ಟು ಸಾಕು ಎಂದು.

ಆ ಪುಟವನ್ನು ತೆಗೆದುಬಿಟ್ಟರೆ? ಯಾರಿಗೂ ತಿಳಿಯದು. ಬಹಳ ಹೊತ್ತು ಯೋಚಿಸಿದಳು. ಆದರೆ ಹಾಳೆ ಹರಿದ ಪುಸ್ತಕವನ್ನು ಅವ್ವ ಎಂದೂ ವಾಪಸು ತೆಗೆದುಕೊಂಡವಳಲ್ಲ. ಆ ಮನೆಯಲ್ಲಿ ಬೆಳೆದವಳಿಗೆ ಅದು ಕೈಲಾಗಲಿಲ್ಲ.

ಶನಿವಾರ ಪರದೆ ಎಳೆದರು. ಅಂದು ಸರ್ ಹೆಚ್ಚು ಜನರನ್ನು ಕರೆದಿರಲಿಲ್ಲ. ಅವರು, ಇಮ್ತಿಯಾಜ್, ಟ್ಯಾಬಿನ ಹತ್ತಿರ ಇಂದುಮತಿ. ಬಸಲಿಂಗವ್ವ ಹಿಂದಿನ ಕುರ್ಚಿ ಬಿಟ್ಟು ಗೋಡೆಗೆ ಹತ್ತಿರ, ಮುಂದೆ ಕೂತರು. ಇಳಕಲ್ ಸೀರೆ ಉಟ್ಟಿದ್ದರು, ಯಾರನ್ನೋ ಕಾಣಲು ಬಂದವರಂತೆ.

"ಹಚ್ಚವಾ," ಅಂದರು ಸರ್.

ಚುಕ್ಕೆ ಮೂಡಿತು. ಮೊದಲ ಪುಟದ ಮೇಲೆ, ಹೆಸರು ವಯಸ್ಸುಗಳ ಮೇಲೆ, ನಿಲ್ಲದೆ ಸರಿಯಿತು. ತನ್ನ ಹೆಸರನ್ನು ತಾನೇ ಗುರುತಿಸದೆ ಹೋಯಿತು. ಬಸಲಿಂಗವ್ವ ಉಸಿರು ಬಿಟ್ಟದ್ದು ಕೇಳಿಸಿತು. ರಕ್ತದ ಪರೀಕ್ಷೆ, ಜ್ವರದ ಏರಿಳಿತ, ಔಷಧಿಗಳ ಹೆಸರು, ಎಲ್ಲವನ್ನೂ ದಾಟಿತು. ಕೊನೆಯ ಪುಟ ಬಂತು. ಚುಕ್ಕೆ ನಿಧಾನವಾಯಿತು. ನಿಂತಿತು. ಹಿಂದೆ ಹೋಗಿ, ಹಿಂದಿನ ಪುಟದ ಊರ ಡಾಕ್ಟರ ಮಾತಿನವರೆಗೆ ಹೋಗಿ, ತಿರುಗಿ ಬಂತು. ಮತ್ತೆ ನಿಂತಿತು. ಇಂದುಮತಿಯ ಬಲಗೈಯ ಕಿರುಬೆರಳು ಮೇಜಿನ ಮೇಲೆ ತಂತಾನೇ ಒತ್ತಿಕೊಂಡಿತು. ಗೋಡೆಯ ಮೇಲೆ, ಎರಡನೆಯ ಪದದಿಂದ, ಇದ್ದೂ ಇಲ್ಲದಂಥ ಒಂದು ಗುಲಾಬಿ ಗೆರೆ ಮೂಡಿತು.

"ಏನ ಬರದೈತ್ರಿ ಅಲ್ಲಿ?" ಬಸಲಿಂಗವ್ವ ಕೇಳಿದರು.

ಸರ್ ಕನ್ನಡಕ ತೆಗೆದು ಒರೆಸತೊಡಗಿದರು. "ಏನಿಲ್ರಿ. ದವಾಖಾನ್ಯವರ ಮಾತು…"

"ಹೇಳ್ರಿ ಸರ್. ನಾನೂ ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳೇನಿ. ಮರೀಮಾಚೂದು ಗೊತ್ತಾಕೈತಿ ನನಗ."

ಸರ್ ಹೇಳಿದರು. ಹೇಳದೆ ಬೇರೆ ದಾರಿ ಇರಲಿಲ್ಲ.

ಬಸಲಿಂಗವ್ವ ಅಳಲಿಲ್ಲ. ತಲೆಯಾಡಿಸಿದರು, ಬಹಳ ದಿನದಿಂದ ಗೊತ್ತಿದ್ದ ಉತ್ತರ ಕೇಳಿದವರಂತೆ. ಎದ್ದು ಗೋಡೆಯ ಹತ್ತಿರ ಹೋಗಿ ಆ ಗೆರೆಯ ಮೇಲೆ ಬೆರಳಿಟ್ಟರು. ಬೆಳಕು ಅವರ ಬೆರಳ ಮೇಲೆ, ಸೆರಗಿನ ಮೇಲೆ, ಕೆನ್ನೆಯ ಮೇಲೆ ಅಕ್ಷರಗಳಾಗಿ ಬಿತ್ತು.

"ಕೇಳಾಕತ್ತಾಳ ನೋಡ್ರಿ. ಯಾಕ ತಡಾ ಮಾಡಿದೆವ್ವಾ ಅಂತ ಕೇಳಾಕತ್ತಾಳ." ಅವರ ದನಿ ಮಗುವಿಗೆ ಜೋಗುಳ ಹಾಡುವಷ್ಟು ಮೆತ್ತಗಿತ್ತು. "ಕೇಳು ನನ್ನ ಬಂಗಾರ. ನೀ ಕೇಳಬೇಕಾದ್ದ ಅದು. ನಾ ಏನಂತ ಹೇಳಲಿ ನಿನಗ…"

ಇಮ್ತಿಯಾಜ್ ಇಂದುಮತಿಯನ್ನು ನೋಡಿದ. ಸರ್ ನೆಲ ನೋಡುತ್ತಿದ್ದರು. ಇಂದುಮತಿಗೆ ಗೆರೆಯ ಗುರುತು ಸಿಕ್ಕಿತ್ತು. ತಾನು ಎಳೆಯದೆ ಬಿಟ್ಟ ಗೆರೆ ಅದು. ಹೆದರಿ, ಗಾಳಿಯಲ್ಲಿ ನಿಲ್ಲಿಸಿ, ಹಿಂದಕ್ಕೆಳೆದುಕೊಂಡ ಗೆರೆ. ಹೇಳದೆ ಉಳಿಸಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಬೇರೆಯವರ ಬಾಯಲ್ಲಿ, ಬೇರೆಯ ಅರ್ಥವಾಗಿ, ಬಂದು ಒಬ್ಬ ತಾಯಿಯ ಎದೆಗೆ ನಾಟುತ್ತದೆ. ಇನ್ನು ಆ ಹೆಂಗಸು ಸಾಯುವವರೆಗೆ ಈ ಗೆರೆಯನ್ನು ಹೊತ್ತು ತಿರುಗುತ್ತಾಳೆ.

ಆಗ ಚುಕ್ಕೆ ಮತ್ತೆ ಕದಲಿತು. ಓದು ಮುಗಿದಿರಲಿಲ್ಲ. ಒಂದು ಸಾಲು ಬಿಟ್ಟು, ಯಾರೂ ಓದದಂಥ ಸಣ್ಣ ಅಕ್ಷರದ ಕೊನೆಯ ವಾಕ್ಯದ ಮುಂದೆ ನಿಂತಿತು. ತಡವರಿಸಲಿಲ್ಲ. ಮೊದಲ ಅಕ್ಷರದಿಂದ ಪೂರ್ಣವಿರಾಮದವರೆಗೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ, ಒತ್ತಿ, ದಪ್ಪಗೆ, ಒಂದು ಹಳದಿ ಗೆರೆ ಬಿತ್ತು. ಬಸಲಿಂಗವ್ವನ ಅಂಗೈಯ ಮೇಲೆ ಹಾದು ಬಿತ್ತು. ಅವರು ನೋಡಲಿಲ್ಲ, ಕಣ್ಣು ಮುಚ್ಚಿದ್ದರು.

ಇಮ್ತಿಯಾಜ್ ಎದ್ದು ನಿಂತುಬಿಟ್ಟ. ಇಂದುಮತಿ ಆ ವಾಕ್ಯವನ್ನು ಓದಿದಳು: ರೋಗಿಯ ತಾಯಿ ಕೊನೆಯ ಗಳಿಗೆಯವರೆಗೂ ಪಕ್ಕದಲ್ಲೇ ಇದ್ದರು.

ಇಂದುಮತಿ ತನ್ನ ಜೀವಮಾನದಲ್ಲಿ ಯಾವ ಕಾಗದದ ಮೇಲೂ ಹಳದಿ ಗೆರೆ ಎಳೆದವಳಲ್ಲ.

ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಉರುಳಿದ್ದು ಗೊತ್ತಾಗಲಿಲ್ಲ. ಬೆಳಕಿನ ದಾರಿಗೆ ಅಡ್ಡಬಂದು ಗೋಡೆಯ ಹತ್ತಿರ ಹೋದಳು. ಅವಳ ನೆರಳೂ ಬಸಲಿಂಗವ್ವನ ನೆರಳೂ ಆ ಪುಟದ ಮೇಲೆ ಕೂಡಿಕೊಂಡವು. ಅವರ ಕೈಯನ್ನು ಹಿಡಿದು, ಗುಲಾಬಿಯ ಮೇಲಿಂದ ಎತ್ತಿ, ಕೆಳಗಿನ ಹಳದಿಯ ಮೇಲೆ ಇಟ್ಟಳು. ಮುಲಾಮಿನ ವಾಸನೆ ನಿಜವಾಗಿಯೂ ಇತ್ತು.

"ಅವ್ವಾರ," ಅಂದಳು. ದನಿ ಒಡೆದು, ಕೋಣೆ ತುಂಬ ಕೇಳುವಷ್ಟು ಗಟ್ಟಿಯಾಗಿ ಬಂತು. "ಆ ಗುಲಾಬಿ ಗೆರಿ ನಂದ್ರಿ, ಆ ಮಾತು ನಾ ನಂಬೂದಿಲ್ಲ ಅಂತ. ಈ ಹಳದೀದು ನಂದಲ್ಲ."